ಪಟ್ಟಿ ಅಂಗಡಿಯ ಹಿಂಬಾಗಿಲು

ನಮ್ಮೂರಿನ ರಸ್ತೆಯಲ್ಲಿ ಬಿದ್ದವರಿಗೆ ಗಾಯ ಆಗುವುದಿಲ್ಲ, ತಪ್ಪು ಮಾಡಿದವರಿಗೆ ಆಗುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ "ಅಬ್ಬಬ್ಬಾ, ಎಂಥ ಧರ್ಮದ ಊರು ತಾಯಿ ನಿಮ್ಮದು" ಎಂದು ಕೈ ಮುಗಿಯುತ್ತಾರೆ. ಧರ್ಮವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ನಾನು ನಾಲ್ಕು ರಸ್ತೆ ಸರ್ಕಲ್ಲಿನಲ್ಲಿ ಪಟ್ಟಿ ಅಂಗಡಿ ಇಟ್ಟುಕೊಂಡಿರುವವಳು. ಉಳುಕು, ಊತ, ತರಚು, ಮುರಿತ, ಏನೇ ಬರಲಿ, ಎಣ್ಣೆ ಹಚ್ಚಿ ನೀವಿ, ಬಿದಿರ ದಬ್ಬೆ ಇಟ್ಟು ಕಟ್ಟು ಹಾಕುವುದು ನನ್ನ ಕಸುಬು. ಈ ಊರಿನ ಧರ್ಮ ಎಷ್ಟು ದಪ್ಪ, ಎಷ್ಟು ತೆಳು ಅಂತ ನನ್ನ ಕೈಗೆ ಗೊತ್ತಿದೆ.

ನನ್ನ ಅಂಗಡಿಗೆ ಎರಡು ಬಾಗಿಲು. ಮುಂಬಾಗಿಲು ಸರ್ಕಲ್ಲಿಗೆ ತೆರೆಯುತ್ತದೆ. ಬಚ್ಚಲಲ್ಲಿ ಜಾರಿದವರು, ನುಗ್ಗೆ ಮರ ಹತ್ತಿ ಬಿದ್ದವರು ಅದರಲ್ಲಿ ರಾಜಾರೋಷವಾಗಿ ನರಳುತ್ತಾ ಬರುತ್ತಾರೆ. ಹಿಂಬಾಗಿಲು ಒಂದು ಗಬ್ಬು ಸಂದಿಗೆ ತೆರೆಯುತ್ತದೆ. ರಸ್ತೆಯ ಗಾಯದವರೆಲ್ಲ ನುಸುಳುವುದು ಅದರಲ್ಲೇ. ಮುಂದಿನಿಂದ ಬಂದರೆ ತಪ್ಪು ಯಾರದೆಂದು ಇಡೀ ಸರ್ಕಲ್ಲಿಗೆ ಗೊತ್ತಾಗಿಬಿಡುತ್ತದಲ್ಲ! ಮೊಣಕೈ ಊದಿದವರು ಬಿರುಬೇಸಿಗೆಯಲ್ಲೂ ಶಾಲು ಹೊದ್ದು ಬರುತ್ತಾರೆ. ಕುಂಟುವವರು ಹೊಸ ಚಪ್ಪಲಿ ಕಚ್ಚಿತು ಅನ್ನುತ್ತಾರೆ. ಒಬ್ಬ ಮಹಾನುಭಾವ ಮುಂದಿನ ಹಲ್ಲು ಉದುರಿಸಿಕೊಂಡು ಬಂದು, ಹೆಂಡತಿ ಮಾಡಿದ ಚಕ್ಕುಲಿ ಗಟ್ಟಿ ಇತ್ತು ಎಂದ. ನಾನು ಯಾರನ್ನೂ ಏನೂ ಕೇಳುವುದಿಲ್ಲ. ಕಟ್ಟುವಾಗ ಪಟ್ಟಿಯನ್ನು ಸ್ವಲ್ಪ ಬಿಗಿಯಾಗಿ ಎಳೆಯುತ್ತೇನೆ, ಅಷ್ಟೆ.

ಊರಿನಲ್ಲಿ ಇರುವುದು ಎರಡೇ ಜಾತಿ. ಇಂಜಿನ್ನಿನವರು, ಪೆಡಲಿನವರು. ಈ ಸೈಕಲ್ಲಿನವರು ನಡುರಸ್ತೆಯಲ್ಲಿ ಮದುವೆ ದಿಬ್ಬಣದ ಹಾಗೆ ಹೋಗುತ್ತಾರೆ, ಬೆಲ್ಲಿಲ್ಲ, ಲೈಟಿಲ್ಲ, ಹಿಂದೆ ತಿರುಗಿ ನೋಡಿದರೆ ಕತ್ತು ಸವೆಯುತ್ತದೆ ಅನ್ನುವುದು ಇಂಜಿನ್ನಿನವರ ದೂರು. ಈ ಗಾಡಿಯವರಿಗೆ ರಸ್ತೆಯನ್ನು ಮಾವ ಬಳುವಳಿ ಕೊಟ್ಟಿದ್ದಾನೆ, ಕಿವಿಯಲ್ಲೇ ಹಾರನ್ ಹೊಡೆಯುತ್ತಾರೆ, ಬ್ರೇಕ್ ಒತ್ತಿದರೆ ಪಾದ ಸವೆಯುತ್ತದೆ ಅನ್ನುವುದು ಪೆಡಲಿನವರ ದೂರು. ಎರಡೂ ದೂರು ನಿಜ. ಎರಡು ಕಡೆಗೂ ಒಂದೊಂದು ಸಂಘ ಇದೆ. ನಮ್ಮ ಸದಸ್ಯರದು ಯಾವತ್ತೂ ತಪ್ಪಿಲ್ಲ, ಇದ್ದರೂ ಬಾಯಿ ಬಿಡಬಾರದು ಅನ್ನುವುದು ಎರಡೂ ಸಂಘದ ಕಟ್ಟುಪಾಡು. ಬೇರೆ ಯಾವುದರಲ್ಲೂ ಒಮ್ಮತ ಇಲ್ಲದವರು ಇದರಲ್ಲಿ ಮಾತ್ರ ಅಣ್ಣತಮ್ಮಂದಿರು.

ಸಣ್ಣ ಗಾಯ ಆಗಿಂದಾಗಲೇ ಬಂದುಬಿಡುತ್ತದೆ. ದೊಡ್ಡದು ಬರುವುದು ಬೀದಿ ದೀಪ ಹತ್ತುವ ಹೊತ್ತಿಗೆ. ಅಷ್ಟರೊಳಗೆ ಸರ್ಕಲ್ಲಿನ ಪೊಲೀಸ್ ಕಟ್ಟೆಯ ಹತ್ತಿರ ಬಂದು, ಜನರೆದುರಿಗೆ "ಇದರಲ್ಲಿ ನಂದೂ ಇದೆ" ಎಂದವರಿಗೆಲ್ಲ ಅದು ಹಂಚಿಹೋಗುತ್ತದೆ. ಒಬ್ಬನೇ ಅಂದರೆ ಪೂರ್ತಿ ಅವನಿಗೆ. ಯಾರೂ ಅನ್ನದಿದ್ದರೆ ಯಾರ ತಪ್ಪು ಎಲ್ಲರದಕ್ಕಿಂತ ಹೆಚ್ಚೋ ಅವರ ಮೇಲೆ ಇಡಿಯಾಗಿ ಬಂದು ಕೂರುತ್ತದೆ. ತಪ್ಪೇ ಇಲ್ಲದವನು ಒಪ್ಪಿಕೊಂಡರೆ ಅವನ ಕೂದಲೂ ಕೊಂಕುವುದಿಲ್ಲ. ಅಂದರೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರೆ ಖರ್ಚಾಗುವುದು ಸ್ವಲ್ಪ ಮರ್ಯಾದೆ ಮಾತ್ರ. ಅದನ್ನು ಖರ್ಚು ಮಾಡಿದವರನ್ನು ನಾನಂತೂ ನೋಡಿರಲಿಲ್ಲ.

ಕಟ್ಟೆಯ ಮೇಲೆ ಛತ್ರಿಯ ಕೆಳಗೆ ನಿಂತು ಕೈ ತೋರಿಸುವವರು ನಮ್ಮ ಯಜಮಾನರು, ಬೋರಲಿಂಗಯ್ಯ. ಅವರಿಗೆ ಆ ಕೆಲಸ ಸಿಕ್ಕಿದ ಕಥೆ ಊರಿಗೇ ಗೊತ್ತು. ಗಾಡಿ ಓಡಿಸಲು ಬಲ್ಲವನನ್ನು ನಿಲ್ಲಿಸಿದರೆ ಪೆಡಲಿನವರು ಒಪ್ಪುವುದಿಲ್ಲ, ಸೈಕಲ್ ಹೊಡೆಯಲು ಬಲ್ಲವನನ್ನು ನಿಲ್ಲಿಸಿದರೆ ಇಂಜಿನ್ನಿನವರು ಒಪ್ಪುವುದಿಲ್ಲ. ಎರಡೂ ಬಾರದ ಗಂಡಸು ಬೇಕು ಎಂದು ಊರೆಲ್ಲ ಜರಡಿ ಹಿಡಿದಾಗ ಸಿಕ್ಕಿದವರು ಇವರೊಬ್ಬರೇ. ನಮ್ಮಪ್ಪ ಅದನ್ನೇ ದೊಡ್ಡ ಯೋಗ್ಯತೆ ಎಂದು ತಿಳಿದು ನನ್ನನ್ನು ಕೊಟ್ಟು ಮದುವೆ ಮಾಡಿದ. ಒಳ್ಳೆಯ ಮನುಷ್ಯರೇ. ಹಾಕಿದ್ದು ಉಣ್ಣುತ್ತಾರೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾರೆ. ಈ ನಡುವೆ ಮಾತ್ರ ಬೆಳಗಿನ ಹೊತ್ತು ಕಟ್ಟೆ ಬಿಟ್ಟು ಸ್ವಲ್ಪ ಹೊತ್ತು ಎಲ್ಲೋ ಮಾಯವಾಗುತ್ತಿದ್ದರು. ಗೋದಾಮಿನ ಹಿಂದೆ ಇಸ್ಪೀಟಿಗೆ ಕೂರುತ್ತಾರೆ ಎಂದು ನಾನು ಅಂದುಕೊಂಡು, ಸಮಯ ನೋಡಿ ಜಾಡಿಸೋಣ ಎಂದು ಸುಮ್ಮನಿದ್ದೆ.

ಆವತ್ತು ಸಂತೆ. ಪದ್ಮಿನಿ ಟೀಚರು ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಶಾಲೆ ಕಡೆಯಿಂದ ಸೈಕಲ್ಲಿನಲ್ಲಿ ಬಂದವರು ಸರ್ಕಲ್ಲಿನಲ್ಲಿ ಗಕ್ಕನೆ ಬಲಕ್ಕೆ ತಿರುಗಿದರು. ಹಿಂದೆ ತಿಪ್ಪೇರುದ್ರನ ಮಿನಿಬಸ್ಸು. ತಿಪ್ಪೇರುದ್ರ ಅಂದರೆ ಚಾಲಕರ ಸಂಘದ ಅಧ್ಯಕ್ಷ, ಮೀಸೆಗೆ ದಿನಾ ಎಣ್ಣೆ ಹಚ್ಚುವ ಮನುಷ್ಯ. ನಾನು ಬಾಗಿಲಲ್ಲೇ ಕೂತು ಪಟ್ಟಿ ಹರಿಯುತ್ತಿದ್ದೆ. ಎಲ್ಲ ನನ್ನ ಕಣ್ಣೆದುರಿಗೇ ಆಯಿತು. ಟೀಚರು ಬ್ರೇಕ್ ಒತ್ತಿದರೂ ಸೈಕಲ್ಲು ನಿಲ್ಲಲಿಲ್ಲ, ಬಸ್ಸು ತಾಗಿ ಬಿದ್ದರು, ಅದರ ಹಿಂದಿನ ಚಕ್ರ ಅವರ ಸೊಂಟದ ಮೇಲೆ ಹತ್ತಿ ಆ ಕಡೆಗೆ ಇಳಿಯಿತು.

ಸಂತೆಯ ಗದ್ದಲವೆಲ್ಲ ನಿಂತುಹೋಯಿತು. ಟೀಚರು ಎದ್ದು, ಸೀರೆಯ ಧೂಳು ಕೊಡವಿ, ಮುರಿದ ಛತ್ರಿಯನ್ನು ಎತ್ತಿ ನೋಡಿ, "ಅಯ್ಯೋ ನಿನ್ನ ಬಸ್ಸಿಗಿಷ್ಟು ಬೆಂಕಿ ಹಾಕ! ಕಣ್ಣು ಹಣೆ ಮೇಲಿದೆಯೋ ತಲೆ ಹಿಂದಿದೆಯೋ?" ಎಂದು ಶುರು ಮಾಡಿದರು. ಅವರ ಮೈ ಮೇಲೆ ಒಂದು ಗೀರೂ ಇರಲಿಲ್ಲ. ತಿಪ್ಪೇರುದ್ರ ಬಸ್ಸಿನಿಂದ ಧುಮುಕಿದವನೇ ಎರಡೂ ಕೈಯಲ್ಲಿ ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಅವನನ್ನು ನೋಡಿ ಸರ್ಕಲ್ಲಿನಲ್ಲಿದ್ದವರೆಲ್ಲ ತಂತಮ್ಮ ಸೊಂಟ ಮುಟ್ಟಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಹಾಗಾದರೆ ಅದು ಬರುವ ದಾರಿಯಲ್ಲಿದೆ, ದೀಪ ಹತ್ತಿದಾಗ ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು.

ನಾನು ಕಟ್ಟೆಯ ಕಡೆ ನೋಡಿದೆ. ಛತ್ರಿ ಇತ್ತು, ಕೆಳಗೆ ಮನುಷ್ಯ ಇರಲಿಲ್ಲ. ಆ ಗಾಯ ಇವರ ಮೇಲೇ ಬಂದು ಕೂರಬಹುದು ಎಂದು ಹೊಳೆಯಿತು. ನಾನು ಎಂಥೆಂಥ ಮೂಳೆ ಕಟ್ಟಿದವಳು. ಕೈ ಕಟ್ಟಬಹುದು, ಕಾಲು ಕಟ್ಟಬಹುದು. ಬಸ್ಸಿನ ಚಕ್ರ ಹತ್ತಿದ ಸೊಂಟವನ್ನು ಕಟ್ಟುವ ದಬ್ಬೆ ಈ ಭೂಮಿಯ ಮೇಲೆ ಇಲ್ಲ.

ಮನೆಗೆ ಓಡಿದೆ. ಯಜಮಾನರು ಯೂನಿಫಾರಂ ಹಾಕಿಕೊಂಡೇ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಪ್ಯಾಂಟಿನ ಧೂಳು ಒರೆಸುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ಲೋಗಿದ್ರಿ?" ಎಂದೆ.

"ಕೇಳ್ಬ್ಯಾಡ ಕಣೆ ಚೆಲುವಿ. ಟೀಚರ್ ಹೆಂಗವ್ರೆ?"

"ಅವ್ರಿಗೇನು ದಾಡಿ, ಗುಂಡ್ಕಲ್ಲಂಗವ್ರೆ! ಛತ್ರಿ ಮುರೀತು ಅಂತ ಊರೋರ್ನೆಲ್ಲ ಉಗೀತಾವ್ರೆ. ಚಕ್ರ ಸೊಂಟದ ಮೇಲೆ ಹತ್ತೀತು."

ಅವರು ಒರೆಸುವುದನ್ನು ಬಿಟ್ಟು ಎದ್ದರು. "ಹಂಗಾರೆ ಸಂಜೀಕೆ ನಂಗೇ ಬತ್ತದೆ. ನಾನಿದ್ದು ಕೈ ಅಡ್ಡ ತೋರ್ಸಿದ್ರೆ ಬಸ್ಸು ನಿಂತ್ಕತಿತ್ತು. ಹೋಗಿ ಒಪ್ಕಂಬುಡ್ತೀನಿ."

"ಒಬ್ರೇ ಒಪ್ಕಂಡ್ರೆ ಒಬ್ರಿಗೇ ಪೂರ್ತಿ ಅಂತ ಗೊತ್ತಿಲ್ವಾ? ಸಾಯಕೆ ಅಷ್ಟೊಂದು ಆಸೆನಾ? ಮೊದ್ಲು ಮಿಕ್ಕೋರು ಬಾಯಿ ಬಿಡ್ಲಿ. ಆಮೇಲೆ ನೋಡನ. ಅಲ್ಲೀಗಂಟ ಈ ಬಾಗ್ಲು ದಾಟುದ್ರೆ ನಾನೇ ಸೊಂಟ ಮುರೀತೀನಿ!" ಎಂದು ಹೊರಗಿನಿಂದ ಚಿಲಕ ಹಾಕಿದೆ. ಅಳು ಬಂತು. ಅಳುವುದಕ್ಕೆ ಪುರುಸೊತ್ತು ಇರಲಿಲ್ಲ.

ಇನ್ನೊಂದು ಮಾತೂ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಇವರು ಕಟ್ಟೆ ಬಿಟ್ಟಿದ್ದರು ಅಂತ ಗೊತ್ತಾದರೆ ಎರಡೂ ಸಂಘದವರು ಸೇರಿ ಕೆಲಸದಿಂದ ಕಿತ್ತುಹಾಕುತ್ತಾರೆ. ಹೇಗೂ ಸಂತೆಯಲ್ಲಿ ಕಟ್ಟೆಯನ್ನು ಯಾರು ನೋಡುತ್ತಾರೆ! ಉಳಿದವರೆಲ್ಲ ಸಾಕಷ್ಟು ಜನ ಒಪ್ಪಿಕೊಂಡರೆ ಗಾಯ ಅವರಲ್ಲೇ ಹಂಚಿಹೋಗಿ ಇವರ ತನಕ ಬರುವುದೇ ಇಲ್ಲ ಎಂದು ಲೆಕ್ಕ ಹಾಕಿದೆ. ಊರಿನವರೆಲ್ಲ ನಿಜ ಹೇಳಬೇಕು, ನನ್ನ ಗಂಡ ಒಬ್ಬರನ್ನು ಬಿಟ್ಟು. ನಾನೇನು ದೇವತೆಯಲ್ಲ.

ಮೊದಲು ಸೈಕಲ್ ಶಾಪಿಗೆ ಹೋದೆ. ಅದರ ಯಜಮಾನ ಗೌಸ್ ಪೀರ್ ಸೈಕಲ್ ಸವಾರರ ಸಂಘದ ಅಧ್ಯಕ್ಷ. ಪೆಡಲಿನವರೆಲ್ಲ ಅಲ್ಲೇ ಸೇರಿದ್ದರು. ಗೌಸು ಒಂದು ಸ್ಟೂಲಿನ ಮೇಲೆ ನಿಂತು, "ತಪ್ಪು ನೂರಕ್ಕೆ ನೂರು ಬಸ್ಸಿಂದು! ಇವತ್ತು ಸಂಜೆ ತಿಪ್ಪೇರುದ್ರನ ಸೊಂಟಾನೇ ಸಾಕ್ಷಿ ಹೇಳುತ್ತೆ!" ಎಂದು ಕೂಗುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಟೀಚರು ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದರು. ನಾನು ಗೌಸನನ್ನು ಅಂಗಿ ಹಿಡಿದು ಸ್ಟೂಲಿನಿಂದ ಇಳಿಸಿ, ಟ್ಯೂಬುಗಳು ನೇತಾಡುವ ಒಳಗಿನ ಕೋಣೆಗೆ ಎಳೆದುಕೊಂಡು ಹೋದೆ.

"ಟೀಚರ ಸೈಕಲ್ಲಿನ ಬ್ರೇಕು ಹಿಡೀಲಿಲ್ಲ. ನೋಡ್ದೆ ನಾನು. ಬ್ರೇಕ್ ರಬ್ಬರು ಸವೆದು ತಗಡಾಗಿದೆ. ಹಾಕ್ಬಾರ್ದಿತ್ತಾ?"

"ಅಕ್ಕಾ, ಮೆಲ್ಲಗೆ. ಅವರೇ ಬಂದು ತೋರಿಸಿದ್ರು. ಕೆಲಸ ಜಾಸ್ತಿ ಇತ್ತು, ಇನ್ನೊಂದು ವಾರ ಓಡುತ್ತೆ ಹೋಗಿ ಟೀಚರ್ ಅಂದೆ." ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಹಂಗಾರೆ ಕಟ್ಟೆ ಹತ್ತಿ ಹೇಳು."

"ಸಂಘದ ಅಧ್ಯಕ್ಷ ನಾನು! ನಾನೇ ಹತ್ತಿದ್ರೆ ನಾಳೆ ಮುಖ ಎಲ್ಲಿಡಲಿ?"

"ಮಕಾನಾ? ಯುಗಾದಿ ಹಿಂದಿನ ದಿನ ಹೆಬ್ಬೆಟ್ಟು ಬದನೇಕಾಯಂಗೆ ಊದುಸ್ಕಂಡು ಯಾವ ಬಾಗ್ಲಲ್ಲಿ ಬಂದೆ? ಆವಾಗ ಮಕ ಎಲ್ಲಿತ್ತು? ನೋಡು ಗೌಸು, ನೀನು ಹತ್ತಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಗಾರೆಯೋರ್ನ ಕರ್ಸಿ ಹಿಂಬಾಗ್ಲಿಗೆ ಇಟ್ಟಿಗೆ ಕಟ್ಟಿಸ್ಬುಡ್ತೀನಿ. ಇನ್ಮೇಲೆ ಎಲ್ರೂ ಮುಂದ್ಲಿಂದ್ಲೇ ಬರ್ಬೇಕು. ಸರ್ಕಲ್ಲು ನೋಡ್ತಿರ್ತದೆ."

ಸಾಯುವ ಭಯಕ್ಕೆ ಜಗ್ಗದವನು ಇದಕ್ಕೆ ಬೆವರಿದ. ಒಂದು ಟ್ಯೂಬನ್ನು ಹಿಂಡುತ್ತಾ, "ತಿಪ್ಪೇರುದ್ರ ಮೊದಲು ಹತ್ತಲಿ, ಆಮೇಲೆ ನಾನು" ಎಂದ. "ಅವನು ಆಗ್ಲೇ ಒಪ್ಕಂಡಾಯ್ತು" ಎಂದೆ. ಅಪ್ಪಟ ಸುಳ್ಳು.

ಹೊರಗೆ ಬರುವಾಗ ಟೀಚರು ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಚೆಲುವಮ್ಮ, ನಾನು ತಿರುಗೋಕೆ ಮುಂಚೆ ಕಟ್ಟೆ ನೋಡಿದೆ. ಅಲ್ಲಿ ನಿಮ್ಮೋರು ಇರ್ಲಿಲ್ಲ" ಎಂದರು, ಮೆಲ್ಲಗೆ. ನಾನು ಅವರ ಮುಖ ನೋಡಿದೆ. ಬಾಯಿ ತುಂಬ ಸೋಡಾದ ವಾಸನೆ, ಕಣ್ಣಲ್ಲಿ ಮಾತ್ರ ಬೈಗುಳ ಇರಲಿಲ್ಲ. "ಬಿಸಿಲಿಗೆ ನಿಮಗೆ ಕಣ್ಣು ಮಂಜಾಗಿರ್ಬೇಕು" ಎಂದು ಕೈ ಬಿಡಿಸಿಕೊಂಡು ಹೊರಟೆ.

ಮಿನಿಬಸ್ ಸ್ಟ್ಯಾಂಡಿನಲ್ಲಿ ತಿಪ್ಪೇರುದ್ರ ಬಾನೆಟ್ಟಿನ ಮೇಲೆ ಕೂತು ಇದೇ ಭಾಷಣ ಮಾಡುತ್ತಿದ್ದ, ಹೆಸರು ಮಾತ್ರ ಬೇರೆ. "ಗೌಸನ ಸೊಂಟಾನೇ ಹೇಳ್ತದೆ ನೋಡ್ತಿರಿ!" ಎನ್ನುತ್ತಿದ್ದ. ಅವನನ್ನು ಬಸ್ಸಿನ ಹಿಂದಕ್ಕೆ ಕರೆದೆ.

"ಡಿಕ್ಕಿ ಹೊಡೆಯೋವಾಗ ಕಣ್ಣೆಲ್ಲಿಟ್ಟಿದ್ದೆ?"

"ರಸ್ತೆ ಮ್ಯಾಲೆ ಕಣಕ್ಕ! ಇನ್ನೆಲ್ಲಿ?"

"ನನ್ನ ಹತ್ರ ಕಾಗೆ ಹಾರಿಸ್ಬ್ಯಾಡ. ನಿನ್ನ ತಲೆ ಹಿಂದ್ಕೆ ತಿರುಗಿತ್ತು. ಬಾಗ್ಲಲ್ಲೇ ಕೂತಿದ್ದೆ ನಾನು."

ಅವನು ಮೀಸೆ ಸವರಿಕೊಂಡ. "ಆ ಕೊನೆ ಸೀಟಿನ ಮುದ್ದಯ್ಯ ಅನ್ನೋನು ಕಿಟಕೀಲಿ ಎಲಡಿಕೆ ಉಗುದ. ಬೆಳಿಗ್ಗೆ ತಾನೇ ಬಸ್ಸು ತೊಳ್ದಿದ್ದೆ. ತಿರುಗ್ಕಂಡು ಒಂದು ಮಾತು ಬೈದೆ, ಅಷ್ಟೆಯಾ. ಒಂದೇ ಮಾತು."

"ಆ ಒಂದ್ ಮಾತ್ನಲ್ಲಿ ಟೀಚರು ಚಕ್ರದ ಕೆಳಗೆ ಹೋದ್ರು. ಕಟ್ಟೆ ಹತ್ತು."

ಅವನು ಗೌಸನ ಹಾಗೆಯೇ ಸಂಘ, ಮುಖ, ಮರ್ಯಾದೆ ಎಂದೆಲ್ಲ ರಾಗ ಎಳೆದ. ನಾನು ಹಿಂಬಾಗಿಲಿನ ಇಟ್ಟಿಗೆಯ ವಿಷಯ ಎತ್ತಿದೆ. ಅವನು ಎಷ್ಟು ಸಲ ಮುಸುಕು ಹಾಕಿಕೊಂಡು ಸಂದಿಯಲ್ಲಿ ಬಂದಿದ್ದ ಅನ್ನುವುದನ್ನು ಕಿವಿಯಲ್ಲಿ ನೆನಪಿಸಿದೆ. ಅವನ ಮೀಸೆ ಇಳಿದುಹೋಯಿತು. "ಗೌಸ ಮೊದ್ಲು ಹತ್ತಲಿ" ಎಂದ. "ಅವನು ಆಗ್ಲೇ ಕಟ್ಟೆ ಹತ್ರ ಕಾಯ್ತಾವ್ನೆ" ಎಂದೆ. ಮುದ್ದಯ್ಯನನ್ನೂ ಎಲೆಅಡಿಕೆ ಉಗುಳಿಸಿ ಎಳೆದುಕೊಂಡು ಹೊರಟೆ.

ಸಂಜೆ ಸರ್ಕಲ್ಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಒಂದು ಕಡೆ ಇಂಜಿನ್ನಿನವರು, ಒಂದು ಕಡೆ ಪೆಡಲಿನವರು, ನಡುವೆ ಕಟ್ಟೆ. ಅದರ ಆಚೆಗೊಬ್ಬ ಈಚೆಗೊಬ್ಬ ತಿಪ್ಪೇರುದ್ರ ಮತ್ತು ಗೌಸು. "ನೀವು ಹತ್ತಿ ಸ್ವಾಮಿ", "ನೀವೇ ಹತ್ತಿ ಸಾಹೇಬ್ರೆ" ಎಂದು ಬೀಗರ ಮನೆಯ ಪಂಕ್ತಿಯಲ್ಲಿ ನಿಂತವರ ಹಾಗೆ ಉಪಚಾರ ಮಾಡುತ್ತಿದ್ದರು. ಬಿಸಿಲು ಹೋಟೆಲಿನ ಮಾಡಿನಿಂದ ಆಗಲೇ ಇಳಿದಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಇಬ್ರೂ ಒಂದೇ ಸಲಕ್ಕೆ ಹತ್ರೋ!" ಎಂದು ಕೂಗಿ, ಇಬ್ಬರ ಬೆನ್ನಿಗೂ ಒಂದೊಂದು ತಳ್ಳು ಕೊಟ್ಟೆ. ಆ ಕಟ್ಟೆ ಒಬ್ಬರು ನಿಲ್ಲುವಷ್ಟೇ ಅಗಲ. ಬಿದ್ದುಹೋಗುತ್ತೇವೆ ಎಂದು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಹಿಡಿದುಕೊಂಡರು. ಹಾಗೆ ತಬ್ಬಿಕೊಂಡೇ, ಒಬ್ಬನ ಮೂಗು ಇನ್ನೊಬ್ಬನ ಮೀಸೆಯಲ್ಲಿ ಸಿಕ್ಕಿಕೊಂಡು, "ನಂದೂ ಇದೆ, ರಸ್ತೆ ನೋಡ್ಲಿಲ್ಲ", "ನಂದೂ ಇದೆ, ಬ್ರೇಕ್ ಹಾಕಿಕೊಡಲಿಲ್ಲ" ಎಂದು ಗೊಣಗಿದರು. "ಜೋರಾಗಿ!" ಎಂದರು ಜನ. ಜೋರಾಗಿ ಹೇಳಿದರು. ಆಮೇಲೆ ಏನಾಯಿತೋ, ಕೆರೆಯ ಏರಿ ಒಡೆದ ಹಾಗೆ ಶುರುವಾಯಿತು. ಟೀಚರು ಕೈ ಎತ್ತಿ, "ನಂದೂ ಇದೆ. ಒಂದು ಕೈಯಲ್ಲಿ ಛತ್ರಿ ಹಿಡಿದಿದ್ದೆ, ಹಿಂದೆ ನೋಡಲಿಲ್ಲ" ಎಂದರು. ಮುದ್ದಯ್ಯ ತಾನು ಉಗಿದದ್ದನ್ನು ಹೇಳಿದ. ತಿರುವು ಕಾಣದ ಹಾಗೆ ಬೋರ್ಡು ನೆಟ್ಟಿದ್ದ ಹೋಟೆಲಿನ ಉಡುಪರು ಇಡ್ಲಿ ಹಿಟ್ಟಿನ ಕೈಯಲ್ಲೇ ಬಂದು ಒಪ್ಪಿಕೊಂಡರು. ನನಗೆ ಜೀವ ಬಂದ ಹಾಗಾಯಿತು. ಸಾಕು, ಇಷ್ಟು ಜನ ಸಾಕು ಎಂದುಕೊಂಡೆ.

ಆಗ ತಿಪ್ಪೇರುದ್ರ ಕಟ್ಟೆಯ ಮೇಲಿಂದಲೇ ಕತ್ತು ಉದ್ದ ಮಾಡಿ, "ಎಲ್ಲ ಸರಿ ಚೆಲುವಕ್ಕ. ನಿಮ್ಮ ಪೊಲೀಸಪ್ಪ ಎಲ್ಲಿದ್ರು?" ಎಂದ.

"ಇಲ್ಲೇ, ನೀನು ನಿಂತಿರೋ ಜಾಗದಲ್ಲೇ ಇದ್ರು" ಎಂದೆ. ಟೀಚರು ನನ್ನನ್ನೇ ನೋಡಿದರು. ನನ್ನ ಮುಖ ಕೆಂಡವಾಯಿತು. ಬೆಳಗಿನಿಂದ ಊರಿನವರ ಬಾಯಿಗೆ ಕೋಲು ಹಾಕಿ ನಿಜ ತೆಗೆದವಳು ನಾನು, ನನ್ನ ಬಾಯಿಂದ ಬಂದದ್ದು ಮಾತ್ರ ಇದು. ನಾಚಿಕೆ ಆಯಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

"ಇರ್ಲಿಲ್ಲ" ಎಂದಿತು ಹಿಂದಿನಿಂದ ಒಂದು ದನಿ. ಹಿತ್ತಿಲಿನ ಗೋಡೆ ಹಾರಿ ಬಂದಿದ್ದರು ಮಹಾರಾಯರು, ತೋಳಿನಲ್ಲಿ ಮುಳ್ಳು ಗೀರಿತ್ತು. ಜನ ದಾರಿ ಬಿಟ್ಟರು. "ನಾನು ಕಟ್ಟೆ ಬಿಟ್ಟೋಗಿದ್ದೆ. ನಂದೂ ಅದೆ. ಎಲ್ರದಕ್ಕಿಂತ ನಂದೇ ಜಾಸ್ತಿ ಅಂತ ಕಾಣ್ತದೆ."

"ಎಲ್ಲಿಗೋಗಿದ್ರಿ?" ಎಂದ ತಿಪ್ಪೇರುದ್ರ.

ನಾನು ಇಸ್ಪೀಟು ಎಂಬ ಮಾತಿಗೆ ಕಾದು ಕಣ್ಣು ಮುಚ್ಚಿಕೊಂಡೆ.

"ಟೆಂಟ್ ಸಿನಿಮಾ ಬಯಲಿಗೆ. ಬಾಡಿಗೆ ಸೈಕಲ್ಲು ತಗಂಡು, ಕಲಿಯಾಕೆ."

ಇಂಜಿನ್ನಿನವರು ಹೋ ಎಂದು ಎದ್ದರು. "ಪೆಡಲಿನವನು! ನಂಗೊತ್ತಿತ್ತು, ಇವನು ಅವರ ಕಡೇನೇ! ಯಾರು ಕೊಟ್ಟದ್ದು ಬಾಡಿಗೆಗೆ?" ಗೌಸು ಆಕಾಶ ನೋಡಿದ. ತಿಪ್ಪೇರುದ್ರ ಅವನ ಕತ್ತಿನಿಂದ ಕೈ ಬಿಡಿಸಿಕೊಂಡು, "ಮೋಸ! ನನ್ನ ಮಾತು ವಾಪಸ್ಸು! ನಂದೇನೂ ಇಲ್ಲ!" ಎಂದು ಕಟ್ಟೆಯಿಂದ ಒಂದು ಕಾಲು ಕೆಳಗಿಟ್ಟ. ಪೆಡಲಿನವರೂ "ಹಂಗಾದ್ರೆ ನಮ್ಮದೂ ವಾಪಸ್ಸು!" ಎಂದರು.

ನನಗೆ ಆ ಗದ್ದಲ ಕೇಳುತ್ತಲೇ ಇರಲಿಲ್ಲ. ನಾನು ಇವರನ್ನೇ ನೋಡುತ್ತಿದ್ದೆ. "ಸೈಕಲ್ಲಾ? ಈ ವಯಸ್ಸಲ್ಲಿ? ಯಾಕ್ರೀ?" ಎಂದೆ.

"ದಿನಾ ಎಲ್ರಿಗೂ ಹೋಗು, ನಿಲ್ಲು, ಹೋಗು ಅಂತೀನಿ. ನಾನು ಮಾತ್ರ ಎಲ್ಲಿಗೂ ಹೋಗಿಲ್ಲ ಕಣೆ. ಒಂದ್ಸಲ ಕೆರೆ ಇಳಿಜಾರಲ್ಲಿ ಕಾಲು ಮೇಲೆತ್ಕಂಡು ಜುಂಯ್ ಅಂತ ಹೋಗ್ಬೇಕು ಅನ್ನುಸ್ತು" ಎಂದರು. ತಪ್ಪು ಒಪ್ಪಿಕೊಂಡಾಗ ನಡುಗದ ದನಿ ಇದನ್ನು ಹೇಳುವಾಗ ನಡುಗಿತು. ನನಗೆ ಕೋಪ ಬಂತು. ಇಸ್ಪೀಟಾಗಿದ್ದರೆ ಬೈದು ಮುಗಿಸುತ್ತಿದ್ದೆ. ಇಷ್ಟು ದಿನ ಒಂದೇ ತಟ್ಟೆಯ ಆಚೆ ಈಚೆ ಕೂತು ಉಂಡವರು, ಇಂಥ ಆಸೆಯನ್ನು ನನಗೆ ಹೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಮುನಿಸಿಪಾಲಿಟಿ ಕಡೆಯಿಂದ ಮೊದಲ ದೀಪ ಮಿಣುಕಿತು. ನಾನು ತಿಪ್ಪೇರುದ್ರನನ್ನು ಕಾಲರ್ ಹಿಡಿದು ಮತ್ತೆ ಕಟ್ಟೆಗೆ ಎತ್ತಿದೆ. "ಇಂಜಿನ್ನೋ ಪೆಡಲ್ಲೋ, ನಿಮ್ಮ ಜಾತಿಗಿಷ್ಟು! ನನ್ನ ಗಂಡ ಇಲ್ಲಿರ್ಲಿಲ್ಲ, ನಾನೇ ಸುಳ್ಳು ಹೇಳ್ದೆ, ಸಾಕಾ? ಈಗ ನೀವೆಲ್ಲ ಮಾತು ವಾಪಸ್ ತಗಂಡ್ರೆ ಇವರೊಬ್ರೇ ಸಾಯ್ತಾರೆ. ಇವ್ರು ಸತ್ರೆ ನಾಳೆಯಿಂದ ನಿಮ್ಮ ಮೂಳೆ ನೀವೇ ಕಟ್ಕಳಿ. ಮುಂಬಾಗ್ಲೂ ಇಲ್ಲ, ಹಿಂಬಾಗ್ಲೂ ಇಲ್ಲ!" ತಿಪ್ಪೇರುದ್ರನ ಕಾಲರ್ ಬಿಟ್ಟೆ. "ನಂಗವ್ರು ಬೇಕು ಕಣ್ರೋ" ಎಂದೆ. ಇಷ್ಟು ವರ್ಷದಲ್ಲಿ ಅವರ ಮುಂದೆ ಒಮ್ಮೆಯೂ ಆಡದ ಮಾತನ್ನು ಸಂತೆಯ ಮುಂದೆ ಆಡಿದ್ದೆ.

ತಿಪ್ಪೇರುದ್ರ ಎಂಜಲು ನುಂಗಿದ. "ಆಯ್ತು ಬುಡಿ ಅತ್ಲಾಗೆ. ನಂದೂ ಅದೆ" ಎಂದ. ಗೌಸು ಅವನನ್ನು ಮತ್ತೆ ತಬ್ಬಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಇದೆ, ಇದೆ ಎಂದರು. ದೀಪಗಳು ಸಾಲಾಗಿ ಹತ್ತಿಕೊಂಡು ಸರ್ಕಲ್ಲಿಗೆ ಬಂದವು.

ತಿಪ್ಪೇರುದ್ರನ ಮಣಿಕಟ್ಟು ಕಣ್ಣೆದುರಿಗೇ ಊದಿತು. ಗೌಸನ ಬೆರಳುಗಳು ಲಟಲಟ ಎಂದು ವಾರೆಯಾದವು. ಟೀಚರು "ಅಮ್ಮಾ" ಎಂದು ಸೊಂಟ ಹಿಡಿದು ಕೂತರು, ಆಮೇಲೆ ತಾವಾಗಿಯೇ ಎದ್ದರು. ಮುದ್ದಯ್ಯ ನಾಲಿಗೆ ಕಚ್ಚಿಕೊಂಡ, ಉಡುಪರಿಗೆ ಭುಜ ಇಳಿಯಿತು. ನಮ್ಮವರ ಎಡಗಾಲು ಮೊಣಕಾಲಿನ ಕೆಳಗೆ ಒಣ ಸೌದೆ ಮುರಿದ ಹಾಗೆ ಸದ್ದು ಮಾಡಿತು. ಅವರು ನನ್ನ ಹೆಗಲ ಮೇಲೆ ಕುಸಿದರು. ನಾನು ಅಲ್ಲೇ ನೆಲದ ಮೇಲೆ ಕೂತು ಅವರ ಸೊಂಟ ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಕಾಲು ತಾನೇ! ಕಾಲನ್ನು ನಾನು ಕಟ್ಟಬಲ್ಲೆ. ಅಳುತ್ತಾ, ಬೈಯುತ್ತಾ, ಸರ್ಕಲ್ಲಿನ ನಡುವೆಯೇ ಕಟ್ಟಿದೆ.

ಆವತ್ತು ಎಲ್ಲರೂ ಮುಂಬಾಗಿಲಲ್ಲೇ ಬಂದು ಸಾಲು ನಿಂತರು. ಊರು ಸರಿಹೋಯಿತು ಎಂದು ನೀವು ಅಂದುಕೊಳ್ಳಬೇಡಿ. ಮುಂದಿನ ಸಂತೆಗೆ ಹೊಸ ಜಗಳ ಶುರುವಾಗಿತ್ತು. ನಮ್ಮ ಅಧ್ಯಕ್ಷರ ಕಟ್ಟು ನಿಮ್ಮವರ ಕಟ್ಟಿಗಿಂತ ದೊಡ್ಡದು, ಊರಿಗಾಗಿ ಹೆಚ್ಚು ನೋವು ತಿಂದವರು ನಾವು ಎಂದು ಎರಡೂ ಸಂಘದವರು ಬೀದಿಯಲ್ಲಿ ಕೈ ಕೈ ಮಿಲಾಯಿಸಿದರು. ಅದರ ಗಾಯದವರು ಹಿಂಬಾಗಿಲಲ್ಲೇ ಬಂದರು.

ಇವರ ಕೆಲಸ ಹೋಯಿತು. ಸೈಕಲ್ ಹತ್ತಿದವನು ಕಟ್ಟೆ ಹತ್ತುವ ಹಾಗಿಲ್ಲ. ಎರಡೂ ಬಾರದವರಿಗಾಗಿ ಮತ್ತೆ ಊರೆಲ್ಲ ಜರಡಿ ಹಿಡಿದರು. ಗಂಡಸರಲ್ಲಿ ಒಬ್ಬನೂ ಸಿಗಲಿಲ್ಲ. ಕೊನೆಗೆ ತಿಪ್ಪೇರುದ್ರ ಮತ್ತು ಗೌಸು ಇಬ್ಬರೂ ಕಟ್ಟು ಹಾಕಿದ ಕೈ ಹಿಡಿದುಕೊಂಡು ನನ್ನ ಮುಂದೆ ನಿಂತರು. ಇಷ್ಟು ಜನರ ಮೂಳೆ ಜೋಡಿಸಿ, ಗಾಡಿ ಸೈಕಲ್ಲು ಎರಡರ ಮೇಲೂ ವಾಕರಿಕೆ ಬಂದು, ನಾನು ಯಾವುದನ್ನೂ ಕಲಿತವಳಲ್ಲ. "ಹೆಂಗೂ ಊರೋರ್ನೆಲ್ಲ ತಳ್ಳಾಡಿ ಅಭ್ಯಾಸ ಅದಲ್ಲ" ಎಂದ ತಿಪ್ಪೇರುದ್ರ. ಸೀಟಿ ತೆಗೆದುಕೊಂಡೆ. ಬೆಳಿಗ್ಗೆ ಕಟ್ಟೆ, ಮಧ್ಯಾಹ್ನದ ಮೇಲೆ ಅಂಗಡಿ. ನನ್ನ ಸೀಟಿಗೆ ಎಮ್ಮೆಗಳೂ ನಿಲ್ಲುತ್ತವೆ.

ಇವರ ಕಾಲು ಕೂಡಿಕೊಂಡ ಮೇಲೆ ಒಂದು ದಿನ ನಾನು ಕಟ್ಟೆಯ ಮೇಲಿದ್ದೆ. ಕೆರೆಯ ಇಳಿಜಾರಿನ ಕಡೆಯಿಂದ ಒಂದು ಸೈಕಲ್ಲು ಬಂತು. ಅದು ಬರುತ್ತಿದ್ದ ರೀತಿ ನೋಡಿಯೇ ಯಾರೆಂದು ತಿಳಿಯಿತು. ಎರಡೂ ಕಾಲು ಮೇಲೆತ್ತಿಕೊಂಡು, ಯೂನಿಫಾರಂ ಅಲ್ಲದ ಅಂಗಿ ಗಾಳಿಗೆ ಉಬ್ಬಿ, ಬಾಯಿ ಕಿವಿಯವರೆಗೆ. ನಾನು ಆ ಮನುಷ್ಯನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ, ನಮ್ಮ ಮದುವೆಯ ದಿನವೂ ಇಲ್ಲ. ನನ್ನ ಕಣ್ಣು ತುಂಬಿತು. ಮಿನಿಬಸ್ಸಿಗೆ ಎತ್ತಬೇಕಾದ ಕೈ ಎತ್ತಲು ಮರೆತೆ. ಬ್ರೇಕ್ ಕಿರ್ರ್ ಎಂದಿತು, ಬಸ್ಸು ಗೇಣು ದೂರದಲ್ಲಿ ನಿಂತಿತು, ಇವರು ಬೆದರಿ ಸೈಕಲ್ ಸಮೇತ ಕಟ್ಟೆಯ ಬುಡದಲ್ಲಿ ಉರುಳಿದರು. ಎದ್ದು ಮೈ ಕೈ ನೋಡಿಕೊಂಡರು. ಗೀರೂ ಇಲ್ಲ. ತಿಪ್ಪೇರುದ್ರ ಕಿಟಕಿಯಿಂದ ಹೊರಗೆ ಬಾಗಿ ತನ್ನ ಮೈ ತಡವಿಕೊಂಡ. ಅವನಿಗೂ ಇಲ್ಲ.

ನನ್ನ ಬಲ ಮೊಣಕಾಲು ಚುರುಗುಟ್ಟಿತು. ಸೀರೆಯ ಮೇಲೆ ರಕ್ತ ಒಸರುವುದನ್ನು ಸರ್ಕಲ್ಲಿಗೆ ಸರ್ಕಲ್ಲೇ ನೋಡಿತು.

"ತಪ್ಪು ಯಾರ್ದು ಚೆಲುವಕ್ಕ?" ಎಂದು ಕೂಗಿದ ತಿಪ್ಪೇರುದ್ರ, ನಗು ತಡೆದುಕೊಳ್ಳುತ್ತಾ.

ನಾನು ಸೀಟಿಯನ್ನು ಬಾಯಿಂದ ತೆಗೆದೆ.

"ನಂದೇ ಕಣೋ!" ಎಂದೆ. "ನನ್ನ ಗಂಡನ್ನ ನೋಡ್ತಾ ನಿಂತಿದ್ದೆ. ಏನೀಗ?"